ಅಳುವುದಕ್ಕೆ ಸಿಗದ ಮಾತು

ನಮ್ಮ ದೊಡ್ಡಪ್ಪನ ಮಗ ಪುಟ್ಟಮಲ್ಲಪ್ಪಣ್ಣ ಸತ್ತ ದಿನ ಅವನ ಬೆನ್ನಿಗೆ ಕೈ ಒತ್ತಿ ಕೂತಿದ್ದವನು ನಾನೇ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮಧ್ಯಾಹ್ನ ಮುದ್ದೆ ಉಂಡು ಎದ್ದವನು ಜಗುಲಿಯ ಮೇಲೆ ಕುಸಿದಿದ್ದ. ಮೂಗಿನ ಹತ್ತಿರ ಹಿಡಿದ ಹತ್ತಿ ಅಲ್ಲಾಡಲಿಲ್ಲ. ಹಿರಿಯರು ಮುಗಿಯಿತು ಎಂದರು. ಹಣೆಗೆ ವಿಭೂತಿ ಬಳಿದು, ಹೂವು ಹಾಕಿ ಕೂರಿಸಿದೆವು.

ಸಂಜೆಗೆ ಉಮ್ಮತ್ತೂರಿನಿಂದ ಅವನ ಅಕ್ಕ ಗುರುಸಿದ್ದಮ್ಮ ನಮ್ಮೂರು ಉಡಿಗಾಲಕ್ಕೆ ಬಂದಳು. ಸತ್ತವರ ಗುಣ ಹೇಳಿಕೊಂಡು ಅಳುವುದರಲ್ಲಿ ಸುತ್ತ ಹತ್ತೂರಿಗೆ ಅವಳದೇ ಎತ್ತಿದ ಕೈ. ಬಾಯಿ ತೆಗೆದರೆ ಕಲ್ಲೂ ಕರಗಬೇಕು. ಇವತ್ತು ಒಡಹುಟ್ಟಿದವನೇ ಸತ್ತಿದ್ದಾನೆ, ಇನ್ನು ಕೇಳಬೇಕೆ ಎಂದು ಹೆಂಗಸರು ಸೆರಗು ಸಿದ್ಧ ಮಾಡಿಕೊಂಡು ಕೂತರು.

"ಉಂಡ್ಯಲ್ಲಪ್ಪಾ, ನನ್ ತಮ್ಮಾ..." ಎಂದು ರಾಗ ಎತ್ತಿದಳು. "ಮಲಗಿದ್ಯಲ್ಲಪ್ಪಾ, ನನ್ ರಾಜಾ..."

ಆಮೇಲೆ ನಿಂತಳು. ಮತ್ತೆ "ಉಂಡ್ಯಲ್ಲಪ್ಪಾ" ಎಂದಳು. ಮತ್ತೆ ನಿಂತಳು. ನಮ್ಮಣ್ಣನ ಹೊಲ ಉಳುವವರು ಬೇರೆ, ದನ ನೋಡುವವರು ಬೇರೆ. ಅವನು ಹುಟ್ಟಿದಾಗಿನಿಂದ ಜಗುಲಿ ಇಳಿದವನಲ್ಲ. ಕೆಟ್ಟವನೂ ಅಲ್ಲ. ಯಾರಿಗಾದರೂ ಕೆಡುಕು ಮಾಡುವಷ್ಟು ಕೆಲಸವನ್ನೂ ಅವನು ಮಾಡಿರಲಿಲ್ಲ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕೈಯಡಿಯ ಬೆನ್ನು ಒಂದು ಸಲ ಉಬ್ಬಿತು.

"ಯಾಕಕ್ಕ, ನಿಲ್ಲಿಸ್ಬುಟ್ಟೆ?" ಎಂದಿತು ಹೆಣ.

ನಾನು ಹೇಗೆ ಹೊರಗೆ ಹೋಗಿ ಬಿದ್ದೆನೋ ನನಗೇ ಗೊತ್ತಿಲ್ಲ. ಹೆಂಗಸರು ಕಿರುಚಿ ಒಬ್ಬರ ಮೇಲೊಬ್ಬರು ಉರುಳಿದರು. ಅತ್ತಿಗೆ ಶಾಂತಮಲ್ಲಮ್ಮ ತಾಳಿ ಹಿಡಿದುಕೊಂಡು ಅಲ್ಲೇ ಎಚ್ಚರ ತಪ್ಪಿದಳು. ಗುರುಸಿದ್ದಮ್ಮ ಮಾತ್ರ ಕೂತಲ್ಲಿಂದ ಕದಲಲಿಲ್ಲ.

ಜೀವ ಬಂದದ್ದಕ್ಕೆ ಅಣ್ಣನಿಗೆ ಸಂತೋಷವೇ ಆಗಲಿಲ್ಲ. ನೀರು ಕುಡಿಸಲು ಹೋದರೆ ಚೊಂಬು ತಳ್ಳಿದ.

"ಎಲ್ಲಾ ಕೇಳಿಸ್ತಿತ್ತು ಕಣಕ್ಕ. ಕೈಕಾಲು ಆಡ್ತಿರ್ನಿಲ್ಲ ಅಷ್ಟೇಯ. ಯಾಕೆ ನಿಲ್ಲಿಸ್ದೆ, ಯೋಳು."

"ಸುಳ್ಳ ಯೋಳ್ಕಂಡು ಅಳಬಾರ್ದು ಕಣಪ್ಪ. ಉಡುಕ್ದೆ. ಸಿಕ್ನಿಲ್ಲ."

ಅವನ ಮುಖ ಬಿಳಿಚಿಕೊಂಡಿತು. ಸತ್ತಿದ್ದಾಗಲೂ ಹಾಗಿರಲಿಲ್ಲ.

ಅದು ಮೈಸೂರು ರಾಜ್ಯ ದೊಡ್ಡದಾದ ವರ್ಷ. ಮುಂದಿನ ಬೇಸಿಗೆಗೆ ಅಣ್ಣ ಗುಂಡ್ಲುಪೇಟೆ ರಸ್ತೆಯಲ್ಲಿ ಅರವಟ್ಟಿಗೆ ಹಾಕಿಸಿದ. ಗರಿಯ ಚಪ್ಪರ, ನೀರು ತುಂಬಿಡಲು ದೊಡ್ಡ ಗುಡಾಣ, ತೆರಕಣಾಂಬಿ ಸಂತೆಗೆ ಹೋಗುವವರಿಗೆ ನೀರು ಹೊಯ್ಯಲು ಕೂಲಿಯ ಮಾದಮ್ಮ. ತಾನು ಪಕ್ಕದ ಕಲ್ಲಿನ ಮೇಲೆ ಕೂತು, ಕುಡಿದವರು ತನ್ನ ಹೆಸರು ಹೇಳುತ್ತಾರೋ ಎಂದು ದಿನವೆಲ್ಲ ಕಿವಿಕೊಡುತ್ತಿದ್ದ. ಅಕ್ಕ ಬಂದಾಗ ತಡೆಯಲಾರದೆ ಕೇಳಿಯೇಬಿಟ್ಟ.

"ಈಗ ಅಳಕ್ಕೆ ಮಾತು ಸಿಕ್ತದಾ?"

"ನೀರು ಉಯ್ಯೋಳು ಮಾದಮ್ಮ. ಆ ಮಾತು ಅವಳಿಗೆ ಓಯ್ತದೆ. ನಿಂಗೆಂಗ್ಲಾ ಕೊಡ್ಲಿ?"

ಕೇಳಿದ ನನಗೇ ಕೆನ್ನೆಗೆ ಬಾರಿಸಿದಂತಾಯಿತು. ಇವಳೂ ಒಬ್ಬ ಅಕ್ಕನೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಆ ಬೇಸಿಗೆ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಮಾದಮ್ಮ ಏಳಲಿಲ್ಲ. ಒಮ್ಮೆ ಬಾಯಿ ಸುಟ್ಟುಕೊಂಡವರು ನಾವು; ಹತ್ತಿಯನ್ನು ಮತ್ತೆ ಮತ್ತೆ ಹಿಡಿದು ನೋಡಿದೆವು. ನಿಜವಾಗಿಯೂ ಹೋಗಿದ್ದಳು. ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ, ಎಲ್ಲಿಂದಲೋ ಬಂದು ಸೇರಿದವಳು. ಗುರುಸಿದ್ದಮ್ಮ ಜ್ವರದಲ್ಲಿ ಮಲಗಿದ್ದಳು. ಗುಡಿಸಲ ಮುಂದೆ ನಿಂತ ಹೆಂಗಸರಿಗೆ ಏನು ಹೇಳಿಕೊಂಡು ಅಳಬೇಕೋ ತೋಚಲಿಲ್ಲ.

ಅಣ್ಣ ಬಂದ. ಜನ ದಾರಿ ಬಿಟ್ಟರು. ಅವನು ಒಳಗೆ ಹೋಗಿ, ಬರಿ ನೆಲದ ಮೇಲೆ ಕೂತು, ರಾಗ ಎತ್ತಿದ.

"ಚೊಂಬಿಗೆ ಬಿದ್ದ ಇರುವೇನೂ ಬೆರಳಲ್ಲಿ ಎತ್ತಿ ಬುಡ್ತಿದ್ಯಲ್ಲವ್ವಾ... ಬಿಸ್ಲಲ್ಲಿ ಬಂದೋರ ಉಸ್ರು ಇಳಿಯಗಂಟ ಕೂರ್ಸಿ, ಆಮ್ಯಾಕೆ ಕುಡಿಸ್ತಿದ್ಯಲ್ಲವ್ವಾ... ಬಸ್ರೀರ್ಗೆ ಅಂತ ಸೆರಗಲ್ಲಿ ಬೆಲ್ಲ ಕಟ್ಕಂಡು ಬತ್ತಿದ್ಯಲ್ಲವ್ವಾ..."

ನಾವು ಬೆಪ್ಪಾಗಿ ನಿಂತೆವು. ಗಂಡಸು ಹೇಳಿಕೊಂಡು ಅಳುವುದುಂಟೆ? ಅದೂ ಜಮೀನಿನ ಯಜಮಾನ, ಕೂಲಿಯವಳ ಹೆಣದ ಮುಂದೆ! ತನ್ನ ಹೆಸರಿಗಾಗಿ ಕಾದು ಕೂತಿದ್ದವನ ಕಣ್ಣಿಗೆ ಇದೆಲ್ಲ ಯಾವಾಗ ಬಿತ್ತು? ಅವನು ಹೇಳುತ್ತಲೇ ಹೋದ, ನಿಲ್ಲಲೇ ಇಲ್ಲ. ಹೆಂಗಸರು ಬಿಕ್ಕಿದರು. ನಾನೂ ಅತ್ತೆ, ಅದರಲ್ಲಿ ಮುಚ್ಚುಮರೆ ಏನು.

ಮಾರನೆಯ ದಿನ ಅರವಟ್ಟಿಗೆಯ ಹತ್ತಿರ ಹೋದರೆ ಅಣ್ಣ ಪಂಚೆ ಎತ್ತಿ ಕಟ್ಟಿ ತಾನೇ ನೀರು ಹೊಯ್ಯುತ್ತಿದ್ದ. ಒಬ್ಬ ಮುದುಕ ಕುಡಿಯಲು ಆತುರಪಟ್ಟರೆ, ಮೊದಲು ಕೂತು ಸುಧಾರಿಸಿಕೋ ಎಂದು ಗದರಿದ. ಅವನಿಗೆ ಖುಷಿಯಾಗಲಿ ಎಂದು ನಾನು ಅಂದೆ, "ಇನ್ನು ಅಕ್ಕಂಗೆ ಮಾತು ಸಿಕ್ತದೆ ಬುಡಣ್ಣ."

ಅವನು ನನ್ನ ಮುಖ ನೋಡಿದ. ಅವನಿಗೆ ನಿಜವಾಗಿಯೂ ನೆನಪಾಗಲಿಲ್ಲ.

"ಯಾವ ಮಾತ್ಲಾ? ಗುಡಾಣದ ತಳ ಕಾಣ್ತಾ ಅದೆ, ಓಗು, ನೀರು ತತ್ತಾ."

ನಾನು ಕೊಡ ಎತ್ತಿಕೊಂಡು ಬಾವಿಗೆ ಹೋದೆ.