ಹನ್ನೊಂದನೇ ಪ್ಯಾರಾ

ಡ್ರೈವಿಂಗ್ ಟೀಚರ್ ಆಫೀಸಿನೊಳಗೆ ಬಂದವಳು ಕೂರಲಿಲ್ಲ. ಕೈಯಲ್ಲಿದ್ದ ಕಾಗದಗಳನ್ನು ಜೂನಿಯರ್ ವಕೀಲೆಯ ಮೇಜಿನ ಮೇಲೆ ಎಸೆದಳು.

"ನನ್ನ ಗಂಡ ಕುಡೀತಾನೆ ಅಂತ ನಿಮಗೆ ಯಾರು ಹೇಳಿದ್ದು?"

ಜೂನಿಯರ್ ಕಾಗದ ಎತ್ತಿಕೊಂಡಳು. ಹೋದ ವಾರ ಕೋರ್ಟಿಗೆ ಸಲ್ಲಿಸಿದ ಅಫಿಡವಿಟ್ಟು. ಪ್ರತಿ ಪುಟದ ಕೆಳಗೂ ಡ್ರೈವಿಂಗ್ ಟೀಚರ್ ಸಹಿ ಇತ್ತು. ಕೊನೆಯ ಪುಟದಲ್ಲಿ ಅವಳ ಸೀನಿಯರ್ ವಕೀಲರ ಸಹಿ.

"ಹನ್ನೊಂದನೇ ಪ್ಯಾರಾ ಓದಿ. ಜೋರಾಗೇ ಓದಿ, ಎಲ್ಲರಿಗೂ ಕೇಳ್ಲಿ."

ಜೂನಿಯರ್ ಮನಸ್ಸಿನಲ್ಲೇ ಓದಿಕೊಂಡಳು. 'ಎದುರುದಾರರು ಪ್ರತಿನಿತ್ಯ ಮದ್ಯಪಾನ ಮಾಡಿ ಮನೆಗೆ ಬಂದು, ಅರ್ಜಿದಾರಳನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿ, ಅಪ್ರಾಪ್ತ ಮಗಳ ಎದುರಿನಲ್ಲಿಯೇ ಹಲ್ಲೆ ನಡೆಸುತ್ತಿದ್ದರು.'

"ಎಂಟು ತಿಂಗಳಿಂದ ನನ್ನ ಹತ್ರ ಒಂದು ಮಾತಾಡದೇ ಇದ್ದ ಮನುಷ್ಯ ನಿನ್ನೆ ಫೋನ್ ಮಾಡ್ದ ಮೇಡಂ. 'ನಾನು ಕುಡೀತೀನಾ?' ಅಂದ. ಅಷ್ಟೇ. ಇಟ್ಬಿಟ್ಟ. ಅಲ್ಲಮ್ಮಾ ಮಹರಾಯ್ತಿ, ಅವನು ಕೆಮ್ಮು ಬಂದ್ರೆ ಸಿರಪ್ ಕುಡಿಯೋಕೂ ಬಾಟ್ಲಿ ಮೇಲಿರೋದನ್ನ ಓದ್ತಾನೆ!"

ಗಂಡನದು ಕನ್ನಡಕದ ಅಂಗಡಿ. ಗಂಡ ಹೆಂಡತಿ ಬೇರೆಯಾಗಿ ವರ್ಷ ಕಳೆದಿತ್ತು. ಕೇಸು ಇದ್ದದ್ದು ಮಗಳು ಯಾರ ಹತ್ತಿರ ಇರಬೇಕು ಎಂಬುದಕ್ಕೆ. ಅದೂ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಮಗಳು ಅಮ್ಮನ ಮನೆಯಲ್ಲಿ, ಶನಿವಾರ ಭಾನುವಾರ ಅಪ್ಪನ ಮನೆಯಲ್ಲಿ ಎಂದು ಇಬ್ಬರೂ ಒಪ್ಪಿದ್ದರು. ರಾಜಿಪತ್ರಕ್ಕೆ ಸಹಿ ಬೀಳುವುದೊಂದು ಬಾಕಿ. ಅಷ್ಟರಲ್ಲಿ ಸಾಕ್ಷ್ಯದ ಅಫಿಡವಿಟ್ಟಿನ ದಿನ ಬಂತು. ರಾಜಿಯಾಗುವ ತನಕ ಕೇಸು ಸುಮ್ಮನೆ ಮಲಗಬಾರದು, ಏನೋ ಒಂದು ಹಾಕಿಬಿಡು ಎಂದಿದ್ದರು ಸೀನಿಯರ್. ಜೂನಿಯರ್ ಏನೋ ಒಂದು ಹಾಕಿದ್ದಳು.

"ಕಾಪಿ ಸಿಕ್ಕಿದ್ದು ನನ್ನ ಮೈದುನನ ಕೈಗೆ. ಆ ಪುಣ್ಯಾತ್ಮ ಅಂಗಡೀಲಿ ಗಿರಾಕಿಗಳ ಮುಂದೇನೆ ರೇಡಿಯೋ ಥರ ಓದಿದ್ದಾನೆ. ಈಗ ನನ್ನ ಗಂಡ ರಾಜಿ ಇಲ್ಲ ಅಂತ ಹೇಳಿ ಕಳಿಸಿದ್ದಾನೆ. ಮಗಳನ್ನ ಪೂರ್ತಿ ತನಗೇ ಕೊಡ್ಬೇಕಂತೆ. ಸುಳ್ಳು ಹೇಳೋ ತಾಯಿ ಹತ್ರ ಮಗು ಬೆಳೀಬಾರ್ದಂತೆ." ಅವಳ ಧ್ವನಿ ಒಡೆಯಿತು. ಒಡೆದದ್ದಕ್ಕೆ ಅವಳಿಗೇ ಇನ್ನಷ್ಟು ಸಿಟ್ಟು ಬಂತು. "ಎಲ್ಲಿಂದ ಬಂತು ಇದು? ನಾನು ಹೇಳಿದ್ದು ಅವನು ಮಾತಾಡಲ್ಲ ಅಂತ!"

ಹೌದು, ಅವಳು ಹೇಳಿದ್ದು ಅದನ್ನೇ. ಜೂನಿಯರ್‌ಗೆ ಚೆನ್ನಾಗಿ ನೆನಪಿತ್ತು. ಏನಾದರೂ ಮನಸ್ಸಿಗೆ ಹಿಡಿಸದಿದ್ದರೆ ಕನ್ನಡಕದವನು ಮಾತು ನಿಲ್ಲಿಸುತ್ತಿದ್ದ. ಒಂದು ದಿನ ಎರಡು ದಿನವಲ್ಲ, ತಿಂಗಳುಗಟ್ಟಲೆ. ಊಟ ಮಾಡುತ್ತಿದ್ದ, ಕರೆಂಟ್ ಬಿಲ್ ಕಟ್ಟುತ್ತಿದ್ದ, ಮಗಳ ಶೂ ಪಾಲಿಶ್ ಮಾಡುತ್ತಿದ್ದ. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಮಗಳೂ ಅಪ್ಪನ ಜೊತೆ ಕೈಸನ್ನೆಯಲ್ಲಿ ವ್ಯವಹರಿಸುವುದನ್ನು ಕಲಿತಿದ್ದಳು.

ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಎಐ ಇತ್ತು. ಸೀನಿಯರ್ ಹಾಕಿಸಿದ್ದು. ವಿಷಯ ನಾಲ್ಕು ಸಾಲಿನಲ್ಲಿ ಹಾಕಿದರೆ ಅಫಿಡವಿಟ್ಟು ಅಚ್ಚುಕಟ್ಟಾಗಿ ಹೊರಗೆ ಬರುತ್ತಿತ್ತು. ಜೂನಿಯರ್ ಅದರಲ್ಲಿ 'ಗಂಡ ತಿಂಗಳುಗಟ್ಟಲೆ ಮಾತಾಡುವುದಿಲ್ಲ, ಮಗಳ ಜೊತೆಗೂ ಇಲ್ಲ' ಎಂದು ಬರೆದಿದ್ದಳು. ಕೆಳಗೆ 'ಕ್ರೌರ್ಯದ ಅಂಶ ಸೇರಿಸಿ' ಎಂದೂ ಬರೆದಿದ್ದಳು. ಅದು ಸೇರಿಸಿತ್ತು. ಅದಕ್ಕೆ ಗೊತ್ತಿದ್ದ ಕ್ರೌರ್ಯವನ್ನು ಸೇರಿಸಿತ್ತು.

ಅವಳು ಓದಿರಲಿಲ್ಲ ಎಂದಲ್ಲ. ಅವಳನ್ನು ಚುಚ್ಚುತ್ತಿದ್ದದ್ದೇ ಅದು. ಓದಿದ್ದಳು. ಹನ್ನೊಂದನೇ ಪ್ಯಾರಾದ ಮೇಲೆ ಕಣ್ಣು ಸಲೀಸಾಗಿ ದಾಟಿ ಹೋಗಿತ್ತು. ಎಲ್ಲ ಅಫಿಡವಿಟ್ಟುಗಳಲ್ಲೂ ಗಂಡ ಕುಡಿದು ಬಂದು ಹೊಡೆಯುತ್ತಾನೆ, ಇದರಲ್ಲೂ ಹೊಡೆದಿದ್ದ. ಪ್ಯಾರಾ ಇಲ್ಲದೇ ಹೋಗಿದ್ದರೆ ಬಹುಶಃ ಏನೋ ಬಿಟ್ಟುಹೋಗಿದೆ ಅನ್ನಿಸುತ್ತಿತ್ತು.

"ನಮ್ಮಲ್ಲಿ ಕಂಪ್ಯೂಟರ್ ಬರೆಯುತ್ತೆ," ಎಂದಳು. "ನಾನು ಸರಿಯಾಗಿ ನೋಡ್ಲಿಲ್ಲ. ತಪ್ಪು ನಂದೇ."

"ಕಂಪ್ಯೂಟರ್ರಾ?" ಡ್ರೈವಿಂಗ್ ಟೀಚರ್ ಕಣ್ಣು ಕಿರಿದಾಯಿತು. "ನಮ್ಮನೆ ವಿಷಯ ಎಲ್ಲಾ ಅದಕ್ಕೆ ಹೇಳಿದ್ದೀರಾ? ನನ್ನ ಮಗಳ ಹೆಸರು, ಸ್ಕೂಲು, ಎಲ್ಲಾ?"

ಜೂನಿಯರ್ ಹೌದೆಂದು ತಲೆಯಾಡಿಸಿದಳು.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ? ನಾನು ನಿಮ್ಮ ಹತ್ರ ಬಾಗಿಲು ಹಾಕಿ ಕೂತು ಹೇಳಿದ್ದು. ನೆನಪಿದ್ಯಾ? ನಾನೇ ಎದ್ದು ಹಾಕಿದ್ದು."

ಡ್ರೈವಿಂಗ್ ಟೀಚರ್ ಕೊನೆಗೂ ಕುರ್ಚಿ ಎಳೆದು ಕೂತಳು. "ನಾನು ಕಲಿಸೋ ಕಾರಲ್ಲಿ ನನ್ನ ಕಾಲಡಿಗೂ ಒಂದು ಬ್ರೇಕ್ ಇರುತ್ತೆ. ಹುಡುಗ್ರು ಓಡಿಸ್ತಾರೆ, ನಾನು ಆ ಕಡೆ ತಿರುಗಿ ಫೋನ್ ನೋಡ್ತಾ ಕೂತ್ರೆ ಲೈಸೆನ್ಸ್ ಹೋಗೋದು ನಂದು. ನಾಡಿದ್ದು ಕೇಸಿದೆ. ಸರಿ ಮಾಡಿ."

*

ಸೀನಿಯರ್ ಪೂರ್ತಿ ಕೇಳಿಸಿಕೊಂಡರು. ಅವರು ಕಿರುಚುವ ಪೈಕಿ ಅಲ್ಲ. ಯಾವ ವಿಷಯವನ್ನಾದರೂ ನಗುತ್ತಲೇ ತೇಲಿಸಿಬಿಡುವ ಮನುಷ್ಯ. ಜೂನಿಯರ್‌ಗೆ ಮೈ ಪರಚಿಕೊಳ್ಳುವಂತಾಗುತ್ತಿದ್ದದ್ದು ಆ ನಗುವಿಗೇ.

"ಇಷ್ಟಕ್ಕೆ ಇಷ್ಟು ಮುಖ ಮಾಡ್ಕೊಂಡಿದ್ದೀಯಲ್ಲಮ್ಮಾ. ನಾನೇನೋ ಫೈಲೇ ಕಳೆದುಹೋಯ್ತು ಅಂದ್ಕೊಂಡೆ. ಕಟಕಟೆಯಲ್ಲಿ ನಿಂತು ನಿನ್ನ ಕಕ್ಷಿದಾರರು ಹೌದು ಅನ್ಲಿ, ಮುಗೀತು. ಅವನು ಕುಡಿಯಲ್ಲ ಅಂತ ಅವನು ಸಾಬೀತು ಮಾಡ್ಲಿ."

"ಸುಳ್ಳು ಸಾರ್ ಅದು."

"ಸುಳ್ಳು ಯಾರು ಹೇಳಿದ್ದು? ಮೆಷಿನ್ನು."

"ಅವರು ವಕಾಲತ್ತು ಕೊಟ್ಟಿದ್ದು ಮೆಷಿನ್ನಿಗಲ್ಲ ಸಾರ್. ನಮಗೆ."

ಸೀನಿಯರ್ ನಕ್ಕರು. "ಡೈಲಾಗ್ ಚೆನ್ನಾಗಿದೆ. ಕೋರ್ಟಿಗೆ ಇಟ್ಕೋ. ಸರಿ, ಹೌದು ಅನ್ನೋಕೆ ಅವರಿಗೆ ಇಷ್ಟ ಇಲ್ವಾ? ಒಂದು ಮೆಮೋ ಹಾಕು. ಟೈಪಿಂಗ್ ದೋಷ ಆಗಿದೆ, ಆ ಪ್ಯಾರಾ ಕೈಬಿಡ್ತಿದ್ದೀವಿ ಅಂತ."

"ಟೈಪಿಂಗ್ ದೋಷದಲ್ಲಿ ಅಕ್ಷರ ಹೆಚ್ಚುಕಡಿಮೆ ಆಗುತ್ತೆ ಸಾರ್. ಒಬ್ಬ ಮನುಷ್ಯ ಕುಡುಕ ಆಗಲ್ಲ. ಆಗಿದ್ದನ್ನೇ ಬರೆದು ಕೊಡೋಣ. ಎಐ ಬರೀತು, ನಾವು ಅವರಿಗೆ ಓದಿ ಹೇಳ್ಲಿಲ್ಲ ಅಂತ."

ಈಗ ನಗು ತುಸು ಕಡಿಮೆಯಾಯಿತು. ಅಫಿಡವಿಟ್ಟಿನ ಕೊನೆಯಲ್ಲಿ ಯಾವಾಗಲೂ ಇರುವ ಸಾಲೊಂದಿದೆ: 'ಮೇಲಿನ ವಿಷಯಗಳನ್ನು ಅರ್ಜಿದಾರರಿಗೆ ಓದಿ ಹೇಳಲಾಗಿದ್ದು, ಅವರು ತಿಳಿದುಕೊಂಡು ಸಹಿ ಮಾಡಿರುತ್ತಾರೆ.' ಅದರ ಕೆಳಗೇ ಸೀನಿಯರ್ ಸಹಿ ಇರುವುದು. ಆ ಸಾಲನ್ನು ನಿಜ ಮಾಡಲು ಯಾರೂ ಹೋಗುತ್ತಿರಲಿಲ್ಲ. ಕಕ್ಷಿದಾರರು ಬರುತ್ತಿದ್ದರು, ಗುಮಾಸ್ತ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕುತ್ತಿದ್ದರು, ಹೋಗುತ್ತಿದ್ದರು.

"ನೋಡು, ಹಾಗೆ ಬರೆದ್ರೆ ನಾಳೆ ಈ ಆಫೀಸಿಂದ ಹೋದ ಒಂದೊಂದು ಅಫಿಡವಿಟ್ಟನ್ನೂ ಜನ ತಿರುಗಿಸಿ ನೋಡ್ತಾರೆ."

"ನೋಡ್ಬೇಕಲ್ವಾ ಸಾರ್?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ವಕಾಲತ್ತಿನಲ್ಲಿ ನಿನ್ನ ಹೆಸರೂ ಇದೆ. ಹಾಕೋದಾದ್ರೆ ನಿನ್ನ ಹೆಸರಲ್ಲಿ ಹಾಕ್ಕೋ. ನಾನು ಓದಿಲ್ಲ ಅಂತ ಅದರಲ್ಲಿ ಬರಬಾರದು. ನಾಡಿದ್ದು ನನಗೆ ಬೇರೆ ಕೋರ್ಟಲ್ಲಿ ಕೆಲಸ ಇದೆ." ಬೆಳಿಗ್ಗೆ ತನಕ ಇರಲಿಲ್ಲ ಆ ಕೆಲಸ.

ಜಗಳವಾಡಿದ್ದರೆ ಚೆನ್ನಾಗಿತ್ತು ಎಂದುಕೊಂಡಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದು ಹತ್ತಿಯ ಮೂಟೆಗೆ ಗುದ್ದಿದ ಹಾಗಿತ್ತು.

*

ಕೇಸಿನ ದಿನ ಕೋರ್ಟಿನ ವರಾಂಡದ ಬೆಂಚಿನ ಮೇಲೆ ಜೂನಿಯರ್ ಮತ್ತು ಡ್ರೈವಿಂಗ್ ಟೀಚರ್ ಕೂತಿದ್ದರು. ಜೂನಿಯರ್ ಹೊಸ ಅಫಿಡವಿಟ್ಟನ್ನು ಕೈಯಲ್ಲಿ ಬರೆದು ಟೈಪು ಮಾಡಿಸಿದ್ದಳು. ಒಂದೊಂದೇ ಪ್ಯಾರಾ ಜೋರಾಗಿ ಓದಿದಳು. ಪಕ್ಕದ ಬೆಂಚಿನವರು ಕಿವಿಗೊಟ್ಟರು. ಕೇಳಿದರೆ ಕೇಳಲಿ ಎಂದುಕೊಂಡು ಓದಿದಳು.

"'ಮಾತು ಬಿಟ್ಟಾಗ ಅವರು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು.'"

"ಇಲ್ಲ ಇಲ್ಲ. ಬಾಗಿಲು ಹಾಕ್ಕೊಂಡಿದ್ರೆ ಎಷ್ಟೋ ವಾಸಿ. ಎದುರಿಗೇ ಕೂರ್ತಿದ್ದ. ನಾನು ಮಾತಾಡಿದ್ರೆ ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ದ."

ಜೂನಿಯರ್ ಹೊಡೆದುಹಾಕಿ ಬರೆದಳು. ಇದು ತಾನೇ, ಯಾವ ಯಂತ್ರದ ನೆರವೂ ಇಲ್ಲದೆ ಬರೆದ ಸಾಲು. ಕೋಪ ಮಾಡಿಕೊಂಡ ಗಂಡಂದಿರು ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಅವಳ ಕೈ ತಾನಾಗಿಯೇ ಬರೆದಿತ್ತು. ಮುಖ ಬಿಸಿಯಾಯಿತು.

"'ಎದುರುದಾರರು ಮಗಳನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ' ಅಂತ ಹಾಕಿದ್ದೀನಿ. ಇರ್ಲಾ?"

"ಇರ್ಲಿ. ನಿಜ ಅದು. ಬರೀರಿ. ನನ್ನ ಮೈ ಉರಿಯುತ್ತೆ, ಆದ್ರೂ ಬರೀರಿ."

*

ನ್ಯಾಯಾಧೀಶೆ ಎರಡೂ ಅಫಿಡವಿಟ್ಟುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದರು. ಫ್ಯಾನು ಕಿರಗುಟ್ಟುತ್ತಿತ್ತು.

"ಎರಡಕ್ಕೂ ಪ್ರಮಾಣ ಮಾಡಿ ಸಹಿ ಹಾಕಿದ್ದಾರೆ. ನಾನು ಯಾವುದನ್ನ ನಂಬಬೇಕು?"

"ಎರಡನೇದನ್ನ, ಮೇಡಂ. ಮೊದಲನೇದು ಎಐ ಬರೆದದ್ದು. ನಾನು ಪರಿಶೀಲಿಸಲಿಲ್ಲ, ಅರ್ಜಿದಾರರಿಗೆ ಓದಿಯೂ ಹೇಳ್ಲಿಲ್ಲ. ಮೆಮೋದಲ್ಲಿ ಬರೆದಿದ್ದೀನಿ."

"ಓದಿ ಹೇಳಿದೆ ಅಂತ ಇಲ್ಲಿ ಸಹಿ ಹಾಕಿದವರು ಎಲ್ಲಿ?"

"ಬೇರೆ ಕೋರ್ಟಲ್ಲಿದ್ದಾರೆ."

"ಇರ್ತಾರೆ," ಎಂದರು ನ್ಯಾಯಾಧೀಶೆ.

ಎದುರು ವಕೀಲ ಎದ್ದುನಿಂತ. "ಸುಳ್ಳು ಪ್ರಮಾಣ ಅಂತ ಅವರೇ ಒಪ್ಕೊಂಡ ಹಾಗಾಯ್ತು, ಮೇಡಂ. ಈ ತಾಯಿಯ ಮಾತಿಗೆ ಇನ್ನೇನು ಬೆಲೆ—"

"ಕೂತ್ಕೊಳ್ಳಿ. ತಾಯಿ ಒಪ್ಕೊಂಡಿಲ್ಲ, ವಕೀಲರು ಒಪ್ಕೊಂಡಿದ್ದಾರೆ. ನಿಮ್ಮ ಆಫೀಸಲ್ಲಿ ಯಾರು ಬರೀತಾರೆ ಅಂತ ನಾನಿನ್ನೂ ಕೇಳಿಲ್ಲ."

ಅವನು ಕೂತ.

ಜೂನಿಯರ್ ಮತ್ತು ಸೀನಿಯರ್ ಇಬ್ಬರೂ ಲಿಖಿತ ವಿವರಣೆ ಕೊಡಬೇಕು ಎಂದು ನ್ಯಾಯಾಧೀಶೆ ಬರೆಸಿದರು. ವಕೀಲರ ಪರಿಷತ್ತಿಗೆ ಕಳಿಸಬೇಕೋ ಬೇಡವೋ ಆಮೇಲೆ ನೋಡುವುದಾಗಿ ಹೇಳಿದರು. ಆಮೇಲೆ ಕನ್ನಡಕದವನ ಕಡೆ ತಿರುಗಿದರು.

"ಹನ್ನೊಂದನೇ ಪ್ಯಾರಾ ತೆಗೆದುಹಾಕೋಕೆ ಆದೇಶ ಮಾಡ್ತೀನಿ. ನೀವು ಹಿಂದೆ ರಾಜಿಗೆ ಒಪ್ಪಿದ್ರಿ. ಈಗ ಏನಂತೀರಿ?"

ಅವನು ಎದ್ದುನಿಂತ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪುಟ್ಟ ಸ್ಕ್ರೂಡ್ರೈವರು. ಏನೂ ಹೇಳಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು."

ಅವನು ನೆಲ ನೋಡುತ್ತಿದ್ದ. ಡ್ರೈವಿಂಗ್ ಟೀಚರ್ ಜೂನಿಯರ್ ಕಿವಿಯಲ್ಲಿ, "ಸುಮ್ನೆ ಇರಿ, ಯಾರೂ ಮಾತಾಡ್ಬೇಡಿ, ಒತ್ತಿದ್ರೆ ಇನ್ನೂ ಬಿಗಿಯಾಗ್ತಾನೆ," ಎಂದಳು. ಅವಳ ಕೈಬೆರಳುಗಳು ಬ್ಯಾಗಿನ ಪಟ್ಟಿಯನ್ನು ತಿರುಚುತ್ತಿದ್ದವು.

ಕೊನೆಗೆ ಅವನೇ ಬಾಯಿ ಬಿಟ್ಟ. "ಹೊಸದರಲ್ಲಿ ಬರೆದಿರೋದು ನಿಜ. ಟಿವಿ ವಿಷಯನೂ ನಿಜ. ಅದಕ್ಕೆ ನಂದೇನೂ ತಕರಾರಿಲ್ಲ." ಆಮೇಲೆ ತಲೆಯೆತ್ತಿದ. "ರಾಜಿಗೆ ಸಹಿ ಹಾಕ್ತೀನಿ. ಆದ್ರೆ ಆ ಹಾಳೆ ಫೈಲಲ್ಲಿ ಇರಬಾರ್ದು. ನನ್ನ ಮಗಳು ದೊಡ್ಡೋಳಾದ ಮೇಲೆ ಇದನ್ನೆಲ್ಲ ಓದ್ತಾಳೆ. ಓದೋ ಹುಡುಗಿ ಅವಳು."

ಡ್ರೈವಿಂಗ್ ಟೀಚರ್ ಉಸಿರು ಬಿಟ್ಟಳು. ಜೂನಿಯರ್ ನ್ಯಾಯಾಧೀಶೆಯ ಮುಖ ನೋಡಿದಳು. ಆ ಮುಖದಲ್ಲಿ ಉತ್ತರ ಆಗಲೇ ಕಾಣುತ್ತಿತ್ತು.

"ಹಾಳೆ ಕೀಳೋಕೆ ಬರಲ್ಲ. ಕೋರ್ಟಿಗೆ ಬಂದ ಕಾಗದ ಕೋರ್ಟಲ್ಲೇ ಇರುತ್ತೆ. ಪ್ಯಾರಾ ಮೇಲೆ ಗೆರೆ ಎಳೆಸ್ತೀನಿ, ಪಕ್ಕದಲ್ಲಿ ಆದೇಶ ಬರೆಸ್ತೀನಿ."

ಬೆಂಚ್ ಕ್ಲರ್ಕ್ ಫೈಲು ಬಿಡಿಸಿ, ಸ್ಕೇಲ್ ಇಟ್ಟು, ಕೆಂಪು ಪೆನ್ನಿನಿಂದ ಸಾಲಿಗೊಂದರಂತೆ ಗೆರೆ ಎಳೆದ. ಪಕ್ಕದಲ್ಲಿ ಬರೆದು ಮೊಹರು ಒತ್ತಿದ. ಅಚ್ಚುಕಟ್ಟಾದ ಕೆಲಸ. ಗಂಡ ಹೆಂಡತಿ ಇಬ್ಬರಿಗೂ ತೋರಿಸಿ ಸಹಿ ಮಾಡಿಸಿಕೊಳ್ಳಲು ನ್ಯಾಯಾಧೀಶೆ ಹೇಳಿದರು.

ಕನ್ನಡಕದವನು ಬಗ್ಗಿ ನೋಡಿದ. ಕೆಂಪು ಗೆರೆಗಳ ಹಿಂದೆ ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು.

"ಇನ್ನೂ ಓದೋಕೆ ಬರುತ್ತೆ."

"ಬರಬೇಕು ಸಾರ್," ಎಂದ ಕ್ಲರ್ಕ್. "ಏನನ್ನ ಹೊಡೆದುಹಾಕಿದ್ದು ಅಂತ ಗೊತ್ತಾಗ್ಬೇಕಲ್ಲ."

"ಇನ್ನೊಂದು ಗೆರೆ ಎಳೀರಿ," ಎಂದಳು ಡ್ರೈವಿಂಗ್ ಟೀಚರ್. "ದಪ್ಪಗೆ ಎಳೀರಿ. ಪೆನ್ ಇಲ್ಲಿ ಕೊಡಿ, ನಾನೇ ಎಳೀತೀನಿ."

"ಮೇಡಂ, ಕೈ ತೆಗೀರಿ, ಕೋರ್ಟ್ ಕಾಗದ ಅದು."

ಕನ್ನಡಕದವನು ಅವಳ ಕಡೆ ನೋಡಿದ, ಏನೋ ಹೇಳುವವನ ಹಾಗೆ. ಆಮೇಲೆ ಸಹಿಗೆಂದು ಕೊಟ್ಟಿದ್ದ ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟು, ಸಹಿ ಹಾಕದೆ, ತನ್ನ ಜಾಗಕ್ಕೆ ಹೋಗಿ ಕೂತ. ರಾಜಿಯ ಬಗ್ಗೆ ಯೋಚಿಸಿ ಬರಲಿ ಎಂದು ನ್ಯಾಯಾಧೀಶೆ ಮುಂದಿನ ತಿಂಗಳಿಗೆ ದಿನ ಕೊಟ್ಟು ಮುಂದಿನ ಕೇಸು ಕರೆಸಿದರು. ಅಲ್ಲಿಯ ತನಕ ಮಗಳು ಈಗಿರುವಲ್ಲೇ ಇರಲಿ ಎಂದರು.

ಹೊರಗೆ ವರಾಂಡದಲ್ಲಿ ಡ್ರೈವಿಂಗ್ ಟೀಚರ್ ತಿರುಗಿ ನಿಂತಳು.

"ಮುಂದಿನ ತಿಂಗಳೂ ಅವನು ಆ ಹಾಳೆ ತೆಗೀರಿ ಅಂತಾನೇ ಕೇಳ್ತಾನೆ. ಆಗ ಏನು ಹೇಳ್ತೀರಿ?"

"ಗೊತ್ತಿಲ್ಲ," ಎಂದಳು ಜೂನಿಯರ್. ಆ ಬೆಳಿಗ್ಗೆಯೆಲ್ಲ ತಾನಾಡಿದ ಮಾತುಗಳಲ್ಲಿ ಇದೇ ಅತ್ಯಂತ ಕೆಲಸಕ್ಕೆ ಬಾರದ ಮಾತು ಎಂದು ಅವಳಿಗೆ ಅನ್ನಿಸಿತು. ಆದರೂ ಅದನ್ನು ಬದಲಿಸಲಿಲ್ಲ.