ಹತ್ತಿರ ತಂದು ಇಡುವುದು

ಭಾನುವಾರದ ಸಭೆ ಮುಗಿಯುವ ಹೊತ್ತಿಗೆ ಅವಳ ಹೆಗಲು ಒದ್ದೆ ಬಟ್ಟೆಯ ಮೂಟೆಯಂತಾಗಿತ್ತು. ವಾರವಿಡೀ ಆಸ್ಪತ್ರೆಯಲ್ಲಿ ಕಿವಿ ಕೇಳದ ರೋಗಿಗಳಿಗೆ ಡಾಕ್ಟರ ಮಾತನ್ನು ಸನ್ನೆಭಾಷೆಗೆ ತಿರುಗಿಸುವ ಕೆಲಸ. ಭಾನುವಾರ ಬಂತೆಂದರೆ ದೊಡ್ಡಪ್ಪನ ಧಾರ್ಮಿಕ ಉಪನ್ಯಾಸ. ವೇದಿಕೆಯ ಮೇಲೆ ಅವರು ಒಂದೂವರೆ ಗಂಟೆ ಮಾತಾಡುತ್ತಾರೆ. ಇವಳು ಪಕ್ಕದಲ್ಲಿ ನಿಂತು ರಾಜನ ಮೀಸೆ, ಸಿಂಹದ ಘರ್ಜನೆ, ಪಾಪಿಯ ಗೋಳು, ಕೊನೆಗೆ ದೊಡ್ಡಪ್ಪನ ಕೆಮ್ಮನ್ನೂ ಕೈಯಲ್ಲೇ ಆಡಿ ತೋರಿಸುತ್ತಾಳೆ. ಕೆಮ್ಮಿಗೇ ಹೆಚ್ಚು ನಗು.

ನಗುವವರು ಈಗ ಒಬ್ಬರೇ. ಮೊದಲು ಆರು ಮಂದಿ ಕಿವುಡರು ಬರುತ್ತಿದ್ದರು. ಉಳಿದದ್ದು ಮೊದಲ ಸಾಲಿನ ಟೈಲರ್ ತಾತ. ಇವತ್ತು ಅವರೂ ಎದ್ದು ಬಂದು ಕೈಯಾಡಿಸಿದರು: "ಮುಂದಿನ ವಾರದಿಂದ ನಾನು ಬರಲ್ಲ, ಮಗಳೇ."

ಅವಳಿಗೆ ಮೊದಲು ಅನಿಸಿದ್ದು ಸುಖ. ತಾತ ಬರದಿದ್ದರೆ ಅವಳೂ ಬರಬೇಕಿಲ್ಲ. ಭಾನುವಾರವೆಲ್ಲ ನಿದ್ದೆ. ಆಮೇಲೆ ಆ ಸುಖಕ್ಕೆ ತಾನೇ ನಾಚಿ, ಯಾಕೆ ಎಂದು ಕೈಯಲ್ಲೇ ಕೇಳಿದಳು.

ತಾತ ತೋರುಬೆರಳನ್ನು ತಲೆಯ ಮೇಲೆತ್ತಿ ಕೆಳಕ್ಕೆ ಅಲ್ಲಾಡಿಸಿದರು. ಅದು ಅವಳದೇ ಸನ್ನೆ. ಪಾಠ ಹೇಳುವ ಮೇಷ್ಟ್ರ ಬೆರಳು. ತರಬೇತಿಯಲ್ಲಿ 'ಪಾಠ'ಕ್ಕೆ ಕಲಿತದ್ದನ್ನೇ ಪ್ರತಿವಾರ ಶುರುವಿನಲ್ಲಿ 'ಉಪನ್ಯಾಸ' ಎಂಬ ಪದಕ್ಕೂ ಬಳಸುತ್ತಿದ್ದಳು.

"ಐದು ವರ್ಷದಿಂದ ನೀನು ಆಡೋ ಮೊದಲನೇ ಮಾತೇ ಬೈಗುಳ. ಅಂಗಡೀಲಿ ಗಿರಾಕಿಗಳು ಬೈತಾರೆ, ಅದು ಸಾಕು. ಇಲ್ಲೂ ಕತ್ತೆತ್ತಿ ಕೂತು ಬೈಸ್ಕೋಬೇಕಾ? ಕತ್ತೂ ನೋಯುತ್ತೆ."

"ಒಂದು ನಿಮಿಷ ಇರಿ ತಾತ," ಎಂದು ಸನ್ನೆ ಮಾಡಿ ಅವಳು ಪಕ್ಕದ ಕೋಣೆಗೆ ಹೋದಳು. ದೊಡ್ಡಪ್ಪ ಶಾಲು ತೆಗೆದಿಟ್ಟು, ಬಾತ ಪಾದಗಳನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಕಣ್ಣು ಮುಚ್ಚಿದ್ದರು.

"ದೊಡ್ಡಪ್ಪಾ, ಉಪನ್ಯಾಸ ಅಂದ್ರೆ ಏನು?"

"ಐದು ವರ್ಷ ಪಕ್ಕದಲ್ಲೇ ನಿಂತು ಈಗ ಕೇಳ್ತೀಯಲ್ಲೇ! ನಾನು ಬಾಯಿ ಬಡ್ಕೋತೀನಲ್ಲ, ಅದು."

"ತಮಾಷೆ ಬೇಡ. ಟೈಲರ್ ತಾತ ಇನ್ನು ಬರಲ್ವಂತೆ. ನನ್ನ ಸನ್ನೆ ಬೈದ ಹಾಗಿದೆಯಂತೆ."

ದೊಡ್ಡಪ್ಪ ಕಣ್ಣು ತೆರೆದರು. "ಸಂಸ್ಕೃತದ ಮಾತು. ಉಪ ಅಂದ್ರೆ ಹತ್ತಿರ. ನ್ಯಾಸ ಅಂದ್ರೆ ಇಡೋದು. ಹತ್ತಿರ ತಂದು ಇಡೋದು, ಅಷ್ಟೆ. ಆಮೇಲೆ ವಿಚಾರ ಮುಂದಿಡೋದಕ್ಕೂ ಅದೇ ಹೆಸರಾಯ್ತು."

"ಅದರಲ್ಲಿ ಬಾಯಿ ಎಲ್ಲಿದೆ?"

"ಪದದ ಹುಟ್ಟಿನಲ್ಲಿ ಇಲ್ಲ ಕಣೇ. ಇಡೋ ಕೈ ಮಾತ್ರ." ಬಾಗಿ ತಮ್ಮ ಪಾದಗಳನ್ನು ಸವರಿಕೊಂಡರು. "ನಲವತ್ತು ವರ್ಷ ಅಷ್ಟೆತ್ತರ ಹತ್ತಿ ನಿಂತು ಯಾರ ಹತ್ತಿರ ಏನಿಟ್ಟೆನೋ, ಏನೋ. ಹೋಗು, ಬಾಗಿಲು ಹಾಕ್ಕೊಂಡು ಹೋಗು."

ತಾತ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಅವಳು ಪದವನ್ನು ಎರಡು ತುಂಡು ಮಾಡಿ ತಿಳಿಸಿದಳು: ಹತ್ತಿರ, ಇಡುವುದು. ಸನ್ನೆ ಸರಿಬರಲಿಲ್ಲ, ಪಾತ್ರೆ ಕುಕ್ಕಿದ ಹಾಗಿತ್ತು.

ತಾತ ಹಾಗಲ್ಲವೆಂದು ತಲೆಯಾಡಿಸಿದರು. ಎರಡೂ ಅಂಗೈಗಳನ್ನು ಮೇಲಕ್ಕೆ ಮಾಡಿ, ಅವುಗಳ ಮೇಲೆ ಮಡಿಚಿದ ಅಂಗಿ ಇದೆಯೆಂಬಂತೆ ಮೆಲ್ಲಗೆ ಅವಳ ಮುಂದೆ ಇಳಿಸಿದರು. ಒಂದು ಕೈಯಿಂದ ಇಲ್ಲದ ಸುಕ್ಕನ್ನು ಸವರಿದರು. ಹೊಲಿದು ಮುಗಿಸಿದ ಬಟ್ಟೆಯನ್ನು ಗಿರಾಕಿಯ ಮುಂದಿಡುವ ರೀತಿ ಅದು.

"ಹೀಗೆ. ಇಷ್ಟವಾದ್ರೆ ತಗೋತಾನೆ, ಇಲ್ಲಾಂದ್ರೆ ಇಲ್ಲ."

ಮುಂದಿನ ಭಾನುವಾರ ಅವಳು ಕಣ್ಣುಜ್ಜಿಕೊಳ್ಳುತ್ತ ಬಂದು ವೇದಿಕೆ ಹತ್ತಲಿಲ್ಲ. ದೊಡ್ಡಪ್ಪನ ಮಾತು ಅವಳಿಗೆ ಕೇಳಿಸಿದರೆ ಸಾಕು, ಅವರನ್ನು ನೋಡಬೇಕಿಲ್ಲವಲ್ಲ. ಮೊದಲ ಸಾಲಿನ ಎದುರು ಸ್ಟೂಲು ಹಾಕಿ, ವೇದಿಕೆಗೆ ಬೆನ್ನು ಮಾಡಿ, ಖಾಲಿ ಕುರ್ಚಿಯತ್ತ ನೋಡುತ್ತ ಕೂತಳು. ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳುವಾಗ, ಬರಲ್ಲ ಎಂದಿದ್ದ ತಾತ ಬಂದರು. ಅವಳ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುರ್ಚಿ ಎಳೆದುಕೊಂಡರು.

ಮೊದಲನೇ ಮಾತಿಗೆ ಅವಳು ಬೆರಳೆತ್ತದೆ, ತಾತ ತೋರಿಸಿದಂತೆ ಆ ಇಲ್ಲದ ಮಡಿಚಿದ ಅಂಗಿಯನ್ನು ಅವರ ಮುಂದಿಟ್ಟಳು.

ಹೆಗಲು ಎಂದಿನಂತೆ ನೋಯುತ್ತಲೇ ಇತ್ತು. ಕೂತು ನೋಯುತ್ತಿತ್ತು, ಅಷ್ಟೇ ವ್ಯತ್ಯಾಸ. ರಾಜನ ಕಥೆಯ ಮಧ್ಯದಲ್ಲಿ ಅವಳ ಕೈಗಳು ಸೋತು ಮಡಿಲಿಗೆ ಬಿದ್ದವು. ತಾತ ಕಾಯ್ದರು. ಆಮೇಲೆ ಮೊಣಕಾಲಿನಿಂದ ಮೆಲ್ಲಗೆ ತಟ್ಟಿದರು: ಮುಂದೆ?