ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಡಾಕ್ಟರು ಎರಡು ದಾರಿ ತೋರಿಸಿ, ಎರಡೂ ಹೆಚ್ಚು ಕಡಿಮೆ ಒಂದೇ ಎಂದರು. ಟೈಲರ್ ಮಾಸ್ತರ ಹೆಂಡತಿಯ ಎದೆ ಧಸಕ್ಕೆಂದದ್ದು ಆಗ, ಕ್ಯಾನ್ಸರ್ ಎಂಬ ಮಾತು ಕೇಳಿದಾಗ ಅಲ್ಲ. ಮೂರು ತಿಂಗಳಿಂದ ಗಂಡನ ದನಿ ಕರಕರ ಎನ್ನುವುದನ್ನು ಕೇಳಿ ಕೇಳಿ, ಆ ಮಾತನ್ನು ಅವಳು ತನ್ನೊಳಗೇ ನೂರು ಸಲ ಹೇಳಿಕೊಂಡಾಗಿತ್ತು.

ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ, ಎಡಗಡೆಯ ತಂತುವಿನ ಮೇಲೆ, ಸಾಸಿವೆ ಕಾಳಿನಷ್ಟು. ಮೊದಲ ಹಂತ. ಲೇಸರ್‌ನಿಂದ ಕತ್ತರಿಸಿ ತೆಗೆಯಬಹುದು, ಒಂದು ದಿನದ ಕೆಲಸ, ದನಿ ತುಸು ಒರಟಾದೀತು. ಇಲ್ಲವೇ ವಿಕಿರಣ ಕೊಡಬಹುದು, ವಾರಕ್ಕೆ ಐದು ದಿನದಂತೆ ಆರು ವಾರ. ಯೋಚಿಸಿ ನೀವೇ ಹೇಳಿ, ಹತ್ತು ದಿನ ತಗೊಳ್ಳಿ ಎಂದರು ಡಾಕ್ಟರು. ಆಮೇಲೂ ಏನೇನೋ ವಿವರಿಸಿದರು. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು, ಇಬ್ಬರ ತಲೆಗೂ ಏನೂ ಹೋಗಲಿಲ್ಲ.

ಅವರ ಅಂಗಡಿಯಲ್ಲಿ ಆಯ್ಕೆ ಮಾಡಲಾರದ ಗಿರಾಕಿಯೆಂದರೆ ತಮಾಷೆಯ ವಸ್ತು. ಎರಡು ಗುಂಡಿ ಇರಲೋ ಮೂರು ಗುಂಡಿ ಇರಲೋ ಎಂದು ಕನ್ನಡಿಯ ಮುಂದೆ ಒದ್ದಾಡುವವರನ್ನು ಕಳಿಸಿದ ಮೇಲೆ ಮಾಸ್ತರು ಅವರಂತೆಯೇ ಗಲ್ಲ ಕೆರೆದು ಹೆಂಡತಿಯನ್ನು ನಗಿಸುತ್ತಿದ್ದರು. ಈಗ ಆ ಕನ್ನಡಿಯ ಮುಂದೆ ಇವರೇ ನಿಂತಂತಾಗಿತ್ತು.

ಮೈದುನ ದಿನಕ್ಕೆರಡು ಸಲ ಫೋನ್ ಮಾಡಿ, "ಏನೇ ಆಗ್ಲಿ ಅತ್ತಿಗೆ, ಕತ್ತರಿ ಮಾತ್ರ ಬೇಡ" ಎನ್ನುತ್ತಿದ್ದ. ಮೂವತ್ತು ವರ್ಷ ಕತ್ತರಿಯಿಂದಲೇ ಅನ್ನ ತಿಂದ ಮಾಸ್ತರಿಗೂ ತಮ್ಮ ಗಂಟಲಿಗೆ ಕತ್ತರಿ ಎಂದರೆ ಮೈ ಜುಮ್ಮೆನ್ನುತ್ತಿತ್ತು. ಅವಳಿಗೋ, ಆ ಕಾಳು ಇವತ್ತೇ ಹೊರಗೆ ಬಂದುಬಿಡಲಿ ಎನ್ನುವ ಅವಸರ. ಆದರೆ ಬಾಯಿ ಬಿಡಲಿಲ್ಲ. ನಾಳೆ ಹೆಚ್ಚುಕಡಿಮೆಯಾದರೆ, ಹೇಳಿದವಳು ನೀನೇ ಅಲ್ಲವೇ ಎಂದು ಯಾರೂ ಕೇಳಬೇಕಾಗಿರಲಿಲ್ಲ, ಅವಳೇ ಕೇಳಿಕೊಳ್ಳುತ್ತಿದ್ದಳು. ಬದಲಿಗೆ ಅವರು ನೀರು ನುಂಗುವುದನ್ನು ನೋಡುತ್ತಿದ್ದಳು, ಎಷ್ಟು ಸಲ ಕೆಮ್ಮಿದರೆಂದು ಲೆಕ್ಕ ಇಡುತ್ತಿದ್ದಳು.

ನಾಲ್ಕನೆಯ ದಿನ ಮಾಸ್ತರು ಹೊಸ ಉಪಾಯ ಹೂಡಿದರು. ಅವರು ಟೇಪು ಹಿಡಿದು ಇಂಚು ಕೂಗುವುದು, ಅವಳು ಪುಸ್ತಕದಲ್ಲಿ ಬರೆದುಕೊಳ್ಳುವುದು, ಇದು ಮೊದಲಿನಿಂದಲೂ ಬಂದ ಪದ್ಧತಿ. ದನಿ ಹೋದರೂ ಅಂಗಡಿ ನಡೆಯಬೇಕಲ್ಲ ಎಂದು ಈಗ ಬೆರಳಿನಲ್ಲೇ ತೋರಿಸತೊಡಗಿದರು. ಗಿರಾಕಿಯಾಗಿ ಬಂದ ಹೆಡ್‌ಮಾಸ್ಟರ ಕೋಟಿನ ತೋಳಿಗೆ ಮೊದಲು ಎರಡು ಬೆರಳು, ಆಮೇಲೆ ನಾಲ್ಕು, ಅಂದರೆ ಇಪ್ಪತ್ತನಾಲ್ಕು ಇಂಚು. ನಾಲ್ಕನೆಯ ಬೆರಳು ಟೇಪಿನ ಹಿಂದೆ ಮರೆಯಾಗಿತ್ತು. ಅವಳು ಇಪ್ಪತ್ತಮೂರು ಬರೆದಳು. ಅವಳ ಪುಸ್ತಕ ಒಂದು ದಿನವೂ ತಪ್ಪಿದ್ದಿಲ್ಲವಾದ್ದರಿಂದ ಅವರು ಮತ್ತೆ ಅಳೆಯದೆ ಕತ್ತರಿಸಿದರು.

ಎರಡು ದಿನ ಬಿಟ್ಟು ಹೆಡ್‌ಮಾಸ್ಟರು ಕೋಟು ತೊಟ್ಟು, ಕರಿಹಲಗೆಯ ಮೇಲೆ ಬರೆಯುವವರಂತೆ ಕೈ ಎತ್ತಿದರು. ಕೈಗಡಿಯಾರ, ಅದರ ಹಿಂದೆ ಬಿಳೀ ಮಣಿಕಟ್ಟು, ಎಲ್ಲ ಹೊರಬಂದವು. "ಇದು ನನ್ನದೋ, ನನ್ನ ಮಗನದೋ ಮಾಸ್ತರೇ?" ಎಂದರು. ನಾಳೆ ಬನ್ನಿ ಎಂದು ಅವರನ್ನು ಸಾಗಹಾಕಿ, ಮಾಸ್ತರು ತೋಳಿನ ತುದಿ ತಿರುವಿದರು. ಒಳಗೆ ಒಂದೂವರೆ ಇಂಚು ಬಟ್ಟೆ ಮಡಚಿಕೊಂಡಿತ್ತು.

ಅವಳು ಬ್ಲೇಡು ಹಿಡಿದು ಹೊಲಿಗೆ ಬಿಚ್ಚಲು ಕೂತಳು. ಅರ್ಧ ಬಿಚ್ಚಿ ಕೈ ನಿಲ್ಲಿಸಿದಳು.

"ರೀ, ಇದನ್ನ ಬಿಡದೆ ಕತ್ತರಿಸಿಬಿಟ್ಟಿದ್ರೆ?"

"ಕೋಟು ಹೋಗ್ತಿತ್ತು. ತಪ್ಪು ಆಗೇ ಆಗುತ್ತೆ ಅಂತ ತಿಳ್ಕೊಂಡೇ ಬಟ್ಟೆ ಬಿಡೋದು ಕಣೇ."

"ಹಾಗಾದ್ರೆ ನಾವು ಡಾಕ್ಟರ ಹತ್ರ ಕೇಳಬೇಕಾದ್ದನ್ನ ಕೇಳೇ ಇಲ್ಲ. ಯಾವುದು ಒಳ್ಳೇದು ಅಂತ ಕೇಳಿದ್ವಿ. ತಪ್ಪಾದ್ರೆ ಯಾವುದರಲ್ಲಿ ಬಟ್ಟೆ ಉಳಿಯುತ್ತೆ ಅಂತ ಕೇಳಲಿಲ್ಲ."

 ಮಾಸ್ತರು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು, ಚಪ್ಪಲಿ ಮೆಟ್ಟಿದರು.

ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಪೆನ್ನು ಕೆಳಗಿಟ್ಟು ನಕ್ಕರು. ಲೇಸರ್ ಮಾಡಿದ ಮೇಲೆ ಕಾಯಿಲೆ ಮರಳಿದರೆ ಇನ್ನೊಮ್ಮೆ ಲೇಸರ್ ಮಾಡಬಹುದು, ವಿಕಿರಣವೂ ಕೈಯಲ್ಲಿರುತ್ತದೆ. ವಿಕಿರಣ ಮೊದಲೇ ಕೊಟ್ಟುಬಿಟ್ಟರೆ ಅದೇ ಜಾಗಕ್ಕೆ ಮತ್ತೆ ಕೊಡುವುದು ಕಷ್ಟ, ಆಗ ದೊಡ್ಡ ಆಪರೇಷನ್ನೇ ಬೇಕಾದೀತು. ಮೊನ್ನೆಯೇ ಹೇಳಿದ್ದೆನಲ್ಲ ಎಂದರು.

ಮಾಸ್ತರಿಗೆ ಇನ್ನೊಂದು ತಿಳಿಯಬೇಕಿತ್ತು: ಸುತ್ತ ಎಷ್ಟು ಸೇರಿಸಿ ಕತ್ತರಿಸುತ್ತೀರಿ? ಒಂದೆರಡು ಮಿಲಿಮೀಟರ್ ಎಂದರು ಡಾಕ್ಟರು. ಮಾಸ್ತರು ಹೆಬ್ಬೆರಳು ತೋರುಬೆರಳುಗಳ ನಡುವೆ ಅಷ್ಟು ಸಂದು ಮಾಡಿ ನೋಡಿದರು. ಒಳ್ಳೆಯ ಕೈ ಎನ್ನುವಂತೆ ಹುಬ್ಬು ಮೇಲೆ ಹೋಯಿತು. ಆಮೇಲೆ ಹೆಂಡತಿಯ ಕಡೆ ತಿರುಗಿದರು.



"ಲೇಸರ್ ಮಾಡಿಬಿಡಿ ಡಾಕ್ಟ್ರೇ," ಎಂದಳು. "ನಾನು ಹೇಳ್ತಿದೀನಿ."

"ಅವಳೊಬ್ಬಳೇ ಅಲ್ಲ, ನಾನೂ ಹೇಳ್ತಿದೀನಿ," ಎಂದರು ಮಾಸ್ತರು. "ನಾನೇನು ಹಾಡೋನಲ್ಲ. ಇಂಚು ಕೂಗೋಕೆ ಒರಟು ದನಿ ಸಾಕು."

ಮೈದುನ ಒಂದು ದಿನ ಮುನಿಸಿಕೊಂಡ, ಆಪರೇಷನ್ನಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಸಂಜೆಗೆ ಮಾಸ್ತರು ಎದ್ದು ಕೂತರು. ಒಂದು ವಾರ ತುಟಿ ಪಿಟಕ್ ಎನ್ನುವಂತಿರಲಿಲ್ಲ. ಅವರು ಚೀಟಿಯಲ್ಲಿ ಬರೆದದ್ದರಲ್ಲಿ ಮುಕ್ಕಾಲು ಪಾಲು, "ನನ್ನ ಮುಖ ನೋಡೋದು ಬಿಡು" ಎಂದೇ ಇತ್ತು.

ಎಂಟನೆಯ ದಿನ ವರದಿ ಬಂತು. ಅಂಚು ಸುತ್ತಲೂ ಶುದ್ಧ, ಏನೂ ಉಳಿದಿಲ್ಲ. ಎರಡು ತಿಂಗಳಿಗೊಮ್ಮೆ ಬಂದು ತೋರಿಸಿ, ಸದ್ಯಕ್ಕೆ ಮಾತು ಕಡಿಮೆ ಇರಲಿ ಎಂದರು ಡಾಕ್ಟರು. ಅಂಚು ಶುದ್ಧ ಎಂಬ ಸಾಲನ್ನು ಅವಳು ತಾನೇ ಓದಿದಳು, ಬೆರಳಿಟ್ಟು ಮತ್ತೆ ಓದಿದಳು, ಕಾಗದ ಮಡಚಿ ಚೀಲದ ತಳಕ್ಕೆ ಇಟ್ಟಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೈದುನನಿಗೆ ಫೋನ್ ಮಾಡಬೇಕು ಎಂದುಕೊಂಡದ್ದಷ್ಟೇ ಅವಳಿಗೆ ನೆನಪು.

ಕಣ್ಣು ಬಿಟ್ಟಾಗ ಬಸ್ಸು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಹೊರಗೆ ಡ್ರೈವರು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ. ಅವಳ ತಲೆ ಗಂಡನ ಭುಜದ ಮೇಲಿತ್ತು, ಅವರ ಅಂಗಿ ಅಲ್ಲಿ ಒದ್ದೆಯಾಗಿತ್ತು.

"ಇದು ಕೊನೇ ಸ್ಟಾಪಲ್ವಾ? ನಮ್ಮ ಸ್ಟಾಪಲ್ಲಿ ಎಬ್ಬಿಸಬಾರದಿತ್ತೇನ್ರೀ?"

ಮಾಸ್ತರು ಹೊಸದಾದ, ಮರಳು ಕಾಗದದಂಥ ದನಿಯಲ್ಲಿ, "ಡಾಕ್ಟರು ಮಾತಾಡಬೇಡ ಅಂದಿದಾರಲ್ಲ," ಎಂದರು. "ಇನ್ನೂ ಸ್ವಲ್ಪ ಮಲಗು. ಇದೇ ಬಸ್ಸು ವಾಪಸ್ ಹೋಗುತ್ತಂತೆ."

ಅವಳು ಬೈಯಬೇಕೆಂದುಕೊಂಡಳು. ಅಷ್ಟರಲ್ಲಿ ಮತ್ತೆ ಕಣ್ಣು ಎಳೆಯಿತು.